ಅಯೊಡೀನಿಗೆ ಹಸಿದ ಜೀವಕಣಗಳು

ಕಾಪುವಿನ ಕಡಲತೀರದಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕಗ್ಗತ್ತಲೆಯಲ್ಲಿ ದೋಣಿಯವನಿಗೆ ಬಂಡೆಯಾಗಲಿ ಸ್ತಂಭವಾಗಲಿ ಕಾಣದು. ಅಲ್ಲಿಂದ ಹೊರಡುವ ಬೆಳಕೊಂದೇ ಅದರ ನೆಲೆಯನ್ನು ತಿಳಿಸುತ್ತದೆ. ದೇಹದೊಳಗೆ ಅಡಗಿದ, ಕೈಗೆ ತಾಕದಷ್ಟು ಕಿರಿದಾದ ರೋಗಶೇಷವೊಂದು ಹೀಗೆಯೇ ತನ್ನ ನೆಲೆಯನ್ನು ತಾನೇ ಸಾರುವಂತೆ ಮಾಡಬಹುದೆ? ಥೈರಾಯಿಡ್ ಗ್ರಂಥಿಯ ಕ್ಯಾನ್ಸರಿನಲ್ಲಿ ಅನೇಕ ವೇಳೆ ಮಾಡಬಹುದು.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ಥೈರಾಕ್ಸಿನಿನ ಒಂದೊಂದು ಅಣುವಿನಲ್ಲಿಯೂ ನಾಲ್ಕು ಅಯೊಡೀನ್ ಪರಮಾಣುಗಳುಂಟು. ಆದುದರಿಂದ ಗ್ರಂಥಿಯ ಜೀವಕಣಗಳು ರಕ್ತದಿಂದ ಅಯೊಡೀನನ್ನು ಸೆಳೆದುಕೊಳ್ಳುತ್ತಲೇ ಇರುತ್ತವೆ. ಈ ಕಣಗಳಿಂದ ಹುಟ್ಟುವ ಕ್ಯಾನ್ಸರುಗಳಲ್ಲಿ ಬಹಳಷ್ಟು, ತಾಯಿಗ್ರಂಥಿಯ ಆ ಹಸಿವನ್ನು ಸ್ವಲ್ಪಮಟ್ಟಿಗಾದರೂ ಉಳಿಸಿಕೊಂಡಿರುತ್ತವೆ. ಶಸ್ತ್ರವೈದ್ಯರು ಗ್ರಂಥಿಯನ್ನು ತೆಗೆದುಹಾಕಿದರೂ, ಧ್ವನಿಯ ನರಗಳನ್ನು ಕಾಯಬೇಕಾದ ಕಾರಣ ಅದರ ಅಲ್ಪಾಂಶವು ಉಳಿಯಬಹುದು. ಕೆಲವು ಕಣಗಳು ಮೊದಲೇ ಕತ್ತಿನ ಹಾಲ್ರಸಗ್ರಂಥಿಗಳಿಗೋ ಶ್ವಾಸಕೋಶಕ್ಕೋ ಎಲುಬಿಗೋ ಹೋಗಿ ನೆಲೆಸಿರಲೂಬಹುದು.

ಇವನ್ನು ಹುಡುಕಲು ಬಳಸುವುದು ಅಯೊಡೀನ್-131. ಸಾಮಾನ್ಯ ಅಯೊಡೀನಿಗೂ ಇದಕ್ಕೂ ಇರುವ ಭೇದವನ್ನು ಜೀವಕಣವು ಅರಿಯದು. ಆದರೆ ಇದರ ಪರಮಾಣು ಬೀಜವು ಅಸ್ಥಿರವಾದುದು. ಒಡೆಯುವಾಗ ಬೀಟಾ ಕಣವನ್ನೂ ಗಾಮಾ ಕಿರಣವನ್ನೂ ಹೊರಚೆಲ್ಲುತ್ತದೆ. ನಮ್ಮ ದೇಶದಲ್ಲಿ ಮುಂಬಯಿಯ ಟ್ರಾಂಬೆಯ ರಿಯಾಕ್ಟರಿನಲ್ಲಿ ಟೆಲುರಿಯಮ್ಮಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ಇದನ್ನು ಪಡೆಯುತ್ತಾರೆ. ಇದರ ಅರ್ಧಾಯು 8 ದಿನ. ದಾರಿಯಲ್ಲಿ ಒಂದು ದಿನ ಕಳೆದರೆ ನೂರಕ್ಕೆ ಸುಮಾರು 8 ಪಾಲು ನಷ್ಟವಾಯಿತೆಂದೇ ಲೆಕ್ಕ. 80 ದಿನಗಳಲ್ಲಿ ಉಳಿಯುವುದು 1024ರಲ್ಲಿ ಒಂದು ಪಾಲು ಮಾತ್ರ.

ಕಣಗಳನ್ನು ಕಾಣಬೇಕಾದರೆ ಮೊದಲು ಅವುಗಳ ಹಸಿವನ್ನು ಕೆರಳಿಸಬೇಕು. ಅದಕ್ಕಾಗಿ ರೋಗಿಯ ಥೈರಾಕ್ಸಿನ್ ಮಾತ್ರೆಯನ್ನು ವೈದ್ಯರು ಮೂರು ನಾಲ್ಕು ವಾರ ನಿಲ್ಲಿಸುವುದುಂಟು. ಆಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಪ್ರಚೋದಕ ರಸವನ್ನು ಹೆಚ್ಚಾಗಿ ಸುರಿಸುತ್ತದೆ. ಆ ರಸವನ್ನೇ ಚುಚ್ಚುಮದ್ದಾಗಿ ಕೊಡುವ ಕ್ರಮವೂ ಇದೆ. ಜತೆಗೆ ಒಂದೆರಡು ವಾರ ಅಯೊಡೀನ್ ಬೆರೆತ ಉಪ್ಪನ್ನೂ ಕಡಲ ಮೀನನ್ನೂ ಬಿಡಬೇಕು. ಬಂಗುಡೆ, ಬೂತಾಯಿಗಳಿಲ್ಲದೆ ಊಟವೇ ಸೇರದ ಕರಾವಳಿಯವರಿಗೆ ಇದು ಸಣ್ಣ ವ್ರತವಲ್ಲ! ಆದರೆ ಕಾರಣ ಸರಳವಾದುದು: ಹೊಟ್ಟೆ ತುಂಬಿದವನು ಬಡಿಸಿದ್ದನ್ನು ಮುಟ್ಟುವನೆ?

ಬಳಿಕ ಅಲ್ಪ ಪ್ರಮಾಣದ ಅಯೊಡೀನ್-131ನ್ನು ನುಂಗಿಸಿ, ಎರಡು ಮೂರು ದಿನಗಳಾದ ಮೇಲೆ ರೋಗಿಯನ್ನು ಗಾಮಾ ಕ್ಯಾಮೆರದಡಿ ಮಲಗಿಸುತ್ತಾರೆ. 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಹಾಲ್ ಆಂಗರ್ ನಿರ್ಮಿಸಿದ ಯಂತ್ರದ ಸಂತತಿ ಇದು. ರಂಧ್ರಗಳುಳ್ಳ ಸೀಸದ ಫಲಕವು ನೇರವಾಗಿ ಬರುವ ಕಿರಣಗಳನ್ನಷ್ಟೇ ಒಳಬಿಡುತ್ತದೆ. ಅವು ಹರಳಿನಲ್ಲಿ ಮಿಣುಕುಗಳನ್ನೆಬ್ಬಿಸುತ್ತವೆ. ಮಿಣುಕುಗಳ ಎಣಿಕೆಯಿಂದ ಚಿತ್ರವು ಮೂಡುತ್ತದೆ. ಸ್ವಾರಸ್ಯವೆಂದರೆ, ಆ ಹರಳು ಕೂಡ ಸೋಡಿಯಮ್ ಅಯೊಡೈಡ್! ಚಿತ್ರದಲ್ಲಿ ಕಾಣುವ ಚುಕ್ಕೆಗಳೆಲ್ಲ ರೋಗವಲ್ಲ. ಲಾಲಾಗ್ರಂಥಿ, ಜಠರ, ಮೂತ್ರಕೋಶಗಳಲ್ಲಿಯೂ ಅಯೊಡೀನ್ ಸಹಜವಾಗಿ ಸೇರುತ್ತದೆ. ಆದುದರಿಂದ ಚಿತ್ರವನ್ನು ಓದುವುದು ಪರಿಣತರ ಕೆಲಸ.

ಶೇಷ ಕಂಡುಬಂದಲ್ಲಿ ಅದೇ ಅಯೊಡೀನನ್ನು ಹೆಚ್ಚು ಪ್ರಮಾಣದಲ್ಲಿ ಕೊಡಬಹುದು. ಗಾಮಾ ಕಿರಣ ಸುದ್ದಿ ತಂದರೆ, ಒಂದೆರಡು ಮಿಲಿಮೀಟರಿನೊಳಗೆ ನಿಂತುಬಿಡುವ ಬೀಟಾ ಕಣವು ರೋಗಕಣವನ್ನು ಕೊಲ್ಲುತ್ತದೆ. ಅಮೆರಿಕದಲ್ಲಿ ಸೈಡ್ಲಿನ್ ಮತ್ತು ಸಂಗಡಿಗರು ಇಂಥ ಚಿಕಿತ್ಸೆಯನ್ನು 1946ರಲ್ಲಿಯೇ ವರದಿ ಮಾಡಿದ್ದರು. ಆ ಬಳಿಕ ರೋಗಿಯು ಕೆಲವು ದಿನ ದೂರವಿರಬೇಕಾಗುವುದು ವಿಕಿರಣದ ಕಾರಣದಿಂದಲೇ ಹೊರತು ರೋಗ ಅಂಟುವುದೆಂದಲ್ಲ. ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಇದನ್ನು ಕೊಡುವುದಿಲ್ಲ.

ಚಿತ್ರ ಬರಿದಾಗಿದ್ದರೆ ರೋಗವಿಲ್ಲವೆಂದೇ ಅರ್ಥವೆ? ಅಲ್ಲ. ಕೆಲವು ಕಣಗಳು ಅಯೊಡೀನಿನ ಹಸಿವನ್ನೇ ಮರೆತುಬಿಡುತ್ತವೆ. ಅವುಗಳ ಸುಳಿವು ಕೊಡುವುದು ರಕ್ತದಲ್ಲಿನ ಥೈರೊಗ್ಲಾಬ್ಯುಲಿನ್ ಎಂಬ ವಸ್ತು. ಚಿತ್ರ ಬರಿದಾಗಿದ್ದೂ ಅದು ಏರುತ್ತಿದ್ದರೆ, ವಿಕಿರಣಶೀಲ ಫ್ಲೋರೀನ್-18ನ್ನು ಹೊತ್ತ ಸಕ್ಕರೆಯನ್ನು ಕೊಟ್ಟು ಪೆಟ್ ಯಂತ್ರದಿಂದ ನೋಡುತ್ತಾರೆ. ಅಯೊಡೀನನ್ನು ತೊರೆದ ಕಣವು ಸಕ್ಕರೆಯನ್ನು ಬಿಡಲಾರದು. ಇನ್ನು ಅಪಾಯ ಕಡಿಮೆಯಿರುವ ಅನೇಕರಿಗೆ ಥೈರೊಗ್ಲಾಬ್ಯುಲಿನ್ ಮತ್ತು ಕತ್ತಿನ ಅಲ್ಟ್ರಾಸೌಂಡ್ ಪರೀಕ್ಷೆಗಳೇ ಸಾಕಾಗುತ್ತವೆ.

1953ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇಂದು ಪರಮಾಣು ವೈದ್ಯ ವಿಭಾಗವಿದೆ. ಉಡುಪಿ, ಕಾಪು, ಕಾರ್ಕಳದವರಿಗೆ ಇದು ಬಸ್ಸಿನ ದಾರಿ. ಶಸ್ತ್ರಚಿಕಿತ್ಸೆಯ ಗಾಯ ಮಾಯ್ದು ಮೈ ಹಗುರವಾದೊಡನೆ, ಮತ್ತೇಕೆ ಆಸ್ಪತ್ರೆಯೆಂದು ತೋರುವುದು ಸಹಜ. ಆದರೆ ಈ ರೋಗ ವರ್ಷಗಳ ಬಳಿಕವೂ ಮರುಕಳಿಸಬಲ್ಲುದು. ಅಯೊಡೀನಿಗೆ ಹಸಿದಿರುವಾಗಲೇ ಅದನ್ನು ಕಂಡುಹಿಡಿದರೆ ಗುಣಪಡಿಸುವ ದಾರಿ ಸುಲಭ. ಮನೆಯಲ್ಲಿ ಇಂಥ ಹಿರಿಯರಿದ್ದರೆ, ಮರುಪರೀಕ್ಷೆಯ ದಿನವನ್ನು ನೆನಪಿಸುವುದೂ ಮೀನಿಲ್ಲದ ಊಟದ ಕಾರಣವನ್ನು ತಿಳಿಸುವುದೂ ವಿಜ್ಞಾನ ಕಲಿತ ವಿದ್ಯಾರ್ಥಿಯಿಂದ ಆಗಬಹುದಾದ ಕೆಲಸ.