ಸ್ವಯಂ ಶಿಸ್ತು

ಸ್ವಯಂ ಶಿಸ್ತು ಎಂದರೆ ಹೊರಗಿನ ಒತ್ತಾಯವಿಲ್ಲದೆ ವ್ಯಕ್ತಿಯು ತಾನೇ ಗೊತ್ತುಮಾಡಿಕೊಂಡ ಗುರಿಗೆ ತಕ್ಕಂತೆ ತನ್ನ ಕಾಲ, ಶ್ರಮ ಮತ್ತು ಬಯಕೆಗಳನ್ನು ನಡೆಸಿಕೊಂಡು ಹೋಗುವ ಗುಣ. ಆತ್ಮಸಂಯಮ, ಇಂದ್ರಿಯನಿಗ್ರಹ ಎಂಬ ಹಳೆಯ ಪದಗಳು ಇದಕ್ಕೆ ಸಮೀಪದವು. ಆದರೆ ಅವು ಮುಖ್ಯವಾಗಿ ತಡೆಯುವುದನ್ನು ಸೂಚಿಸಿದರೆ, ಸ್ವಯಂ ಶಿಸ್ತಿನಲ್ಲಿ ತಡೆಯುವುದರ ಜೊತೆಗೆ ಬೇಸರವಾದಾಗಲೂ ಕೆಲಸವನ್ನು ಮುಂದುವರಿಸುವ ಅಂಶವೂ ಸೇರಿದೆ. ವಿದ್ಯಾಭ್ಯಾಸ, ಆರೋಗ್ಯ ಮತ್ತು ಹಣಕಾಸಿನ ವಿಷಯಗಳಲ್ಲಿ ವೈಯಕ್ತಿಕ ಯಶಸ್ಸಿಗೆ ಇದು ಮುಖ್ಯ ಕಾರಣಗಳಲ್ಲೊಂದೆಂದು ಮನೋವಿಜ್ಞಾನದಲ್ಲಿ ಪರಿಗಣಿಸಲಾಗಿದೆ.

ಪದದ ಹಿನ್ನೆಲೆ

'ಶಿಸ್ತು' ಎಂಬ ಪದಕ್ಕೆ ಕನ್ನಡದಲ್ಲಿ ಇಂದಿನ ಅರ್ಥವಷ್ಟೇ ಇರಲಿಲ್ಲ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಭೂಮಿಯ ಗುಣ ಮತ್ತು ಇಳುವರಿಯನ್ನು ನೋಡಿ ನಿಗದಿಪಡಿಸಿದ ಕಂದಾಯದ ಕ್ರಮಕ್ಕೆ 'ಶಿಸ್ತು' ಎಂದೇ ಹೆಸರು. ಆತನನ್ನು 'ಶಿಸ್ತಿನ ಶಿವಪ್ಪ ನಾಯಕ' ಎಂದು ಕರೆಯುವುದು ಈ ಕಾರಣಕ್ಕಾಗಿ. ಅಳತೆ ಮಾಡಿ ಮೊದಲೇ ಗೊತ್ತುಪಡಿಸಿದ ಮಿತಿ ಎಂಬ ಆ ಅರ್ಥ ಇಂದಿನ ಬಳಕೆಗೂ ದೂರವಾದುದಲ್ಲ.

ಕನ್ನಡ ಪರಂಪರೆಯಲ್ಲಿ

12ನೆಯ ಶತಮಾನದ ಶರಣರು ಕಾಯಕವನ್ನು ಪ್ರತಿಯೊಬ್ಬರ ನಿತ್ಯದ ಕರ್ತವ್ಯವೆಂದು ಕಂಡರು. ದುಡಿಮೆಯ ಫಲದಲ್ಲಿ ಅಗತ್ಯವಿದ್ದಷ್ಟನ್ನು ಇಟ್ಟುಕೊಂಡು ಉಳಿದುದನ್ನು ದಾಸೋಹಕ್ಕೆ ಕೊಡಬೇಕೆಂಬ ನಿಯಮ ಅದರೊಂದಿಗೆ ಹೊಂದಿಕೊಂಡಿತ್ತು.

ರಾಯಚೂರು ಜಿಲ್ಲೆಯ ಮಾನ್ವಿ ಮತ್ತು ದೇವದುರ್ಗ ಸೀಮೆ ಹರಿದಾಸರ ನೆಲ. ವಿಜಯದಾಸರು ಚೀಕಲಪರ್ವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಮನೆ ಮನೆಗೆ ಹೋಗಿ ಅಂದಿನ ಊಟಕ್ಕೆ ಸಾಲುವಷ್ಟನ್ನೇ ಬೇಡಿ ತರುವ ಮಧುಕರ ವೃತ್ತಿ ದಾಸಜೀವನದ ಮುಖ್ಯ ಕಟ್ಟುಪಾಡಾಗಿತ್ತು. ಸಂಸ್ಕೃತ ಪಂಡಿತರಾಗಿದ್ದ ಜಗನ್ನಾಥದಾಸರು ಮೊದಲಿಗೆ ಕನ್ನಡದಲ್ಲಿ ಹಾಡುವ ದಾಸರನ್ನು ಲಘುವಾಗಿ ಕಂಡಿದ್ದರೆಂದೂ ಅನಂತರ ಆ ಗರ್ವವನ್ನು ಬಿಟ್ಟು ಗೋಪಾಲದಾಸರ ಶಿಷ್ಯರಾದರೆಂದೂ ಸಂಪ್ರದಾಯದಲ್ಲಿ ಹೇಳಲಾಗುತ್ತದೆ. ಅವರ 'ಹರಿಕಥಾಮೃತಸಾರ' ಉದ್ದಕ್ಕೂ ಭಾಮಿನಿ ಷಟ್ಪದಿಯಲ್ಲಿದೆ. ಕಠಿಣವಾದ ತತ್ತ್ವವಿಚಾರವನ್ನು ಮೂರು ಮತ್ತು ನಾಲ್ಕು ಮಾತ್ರೆಗಳ ಲೆಕ್ಕ ತಪ್ಪದಂತೆ ಸಂಧಿಯಿಂದ ಸಂಧಿಗೆ ಹೇಳಿಕೊಂಡು ಹೋಗುವುದು ವಿದ್ವತ್ತಿನಷ್ಟೇ ದೀರ್ಘಕಾಲದ ಅಭ್ಯಾಸವನ್ನೂ ಬೇಡುವ ಕೆಲಸ.

ಆಧುನಿಕ ಕಾಲದಲ್ಲಿ ಈ ಗುಣಕ್ಕೆ ಕರ್ನಾಟಕದಲ್ಲಿ ಹೆಚ್ಚಾಗಿ ಉದಾಹರಿಸಲ್ಪಡುವವರು ಸರ್ ಎಂ. ವಿಶ್ವೇಶ್ವರಯ್ಯ (1861–1962). ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. ಅವರ ಸಮಯಪಾಲನೆಯ ಕುರಿತ ಕಥೆಗಳು ಬಾಯಿಂದ ಬಾಯಿಗೆ ಹರಡಿ ಬೆಳೆದಿವೆ. ಅವುಗಳಿಗಿಂತ ಗಟ್ಟಿಯಾದ ಸಾಕ್ಷಿ ಅವರ ಕೆಲಸದ ಅವಧಿಯೇ: 1918ರಲ್ಲಿ ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಅನಂತರವೂ ದುಡಿದು, 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯ ಕುರಿತ ಗ್ರಂಥವನ್ನೂ 1951ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತಮ್ಮ ವೃತ್ತಿಜೀವನದ ನೆನಪುಗಳನ್ನೂ ಪ್ರಕಟಿಸಿದರು. ಕ್ರೀಡಾಕ್ಷೇತ್ರದಲ್ಲಿ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತಗಳನ್ನು ಎದುರಿಸಿದ್ದು ಇದೇ ಬಗೆಯ ನಿದರ್ಶನ. ಆಡಬಾರದ ಎಸೆತವನ್ನು ಬಿಡುವುದು ಅವರ ಆಟದ ದೊಡ್ಡ ಭಾಗವಾಗಿತ್ತು.

ಸಂಶೋಧನೆಗಳು

1960ರ ದಶಕದ ಕೊನೆಯಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಮುಂದಿಟ್ಟ ಒಂದು ಮಿಠಾಯಿಯನ್ನು ಈಗಲೇ ತಿನ್ನಬಹುದು, ಸ್ವಲ್ಪ ಹೊತ್ತು ಕಾದರೆ ಎರಡು ಸಿಗುತ್ತವೆ ಎಂದು ಪುಟ್ಟ ಮಕ್ಕಳಿಗೆ ಹೇಳಲಾಗುತ್ತಿತ್ತು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಗಳಿಸಿದ್ದು ಕಂಡುಬಂತು. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಸುಮಾರು ಸಾವಿರ ಮಕ್ಕಳನ್ನು ಹುಟ್ಟಿನಿಂದ 32ನೆಯ ವಯಸ್ಸಿನವರೆಗೆ ಗಮನಿಸಿದ ಅಧ್ಯಯನವು (2011) ಬಾಲ್ಯದ ಸಂಯಮಕ್ಕೂ ಮುಂದಿನ ಆರೋಗ್ಯ ಹಾಗೂ ಆದಾಯಕ್ಕೂ ಸಂಬಂಧವಿದೆಯೆಂದು ತೋರಿಸಿತು.

ಸಂಯಮವುಳ್ಳವರು ದಿನವಿಡೀ ಆಸೆಯೊಡನೆ ಹೋರಾಡುತ್ತಾರೆಂಬುದು ಸಾಮಾನ್ಯ ಕಲ್ಪನೆ. ಜರ್ಮನಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅಂಥವರಿಗೆ ಹೋರಾಟವೇ ಕಡಿಮೆ. ಇಚ್ಛಾಶಕ್ತಿಯನ್ನು ಪ್ರದರ್ಶಿಸುವುದಕ್ಕಿಂತ ಆಕರ್ಷಣೆ ಎದುರಾಗದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಫಲಕಾರಿ ಎಂಬುದನ್ನು ಇದು ಸೂಚಿಸುತ್ತದೆ. ಓದುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಇದಕ್ಕೆ ಸರಳ ಉದಾಹರಣೆ. ಹೊಸ ಅಭ್ಯಾಸವೊಂದು ರೂಢಿಯಾಗಲು 21 ದಿನ ಸಾಕೆಂಬ ಪ್ರಚಲಿತ ಮಾತಿಗೂ ಆಧಾರ ದುರ್ಬಲ. ಲಂಡನ್ನಿನ 2010ರ ಅಧ್ಯಯನದಲ್ಲಿ ಇದಕ್ಕೆ 18ರಿಂದ 254 ದಿನಗಳವರೆಗೆ ಹಿಡಿಯಬಹುದೆಂದು, ನಡುವಣ ಮೌಲ್ಯ 66 ದಿನಗಳೆಂದು ಅಂದಾಜಿಸಲಾಯಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ.

ಮಿತಿಗಳು ಮತ್ತು ವಿಮರ್ಶೆ

ಸೋಲಿಗೆಲ್ಲ ಶಿಸ್ತಿನ ಕೊರತೆಯೇ ಕಾರಣವೆಂಬ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಮಿಶೆಲರ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಮರುಪರೀಕ್ಷಿಸಿದ 2018ರ ಅಧ್ಯಯನದಲ್ಲಿ, ಮನೆಯ ಪರಿಸ್ಥಿತಿ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ಬಹಳ ಮಟ್ಟಿಗೆ ಕುಗ್ಗಿತು. 2013ರ ಇನ್ನೊಂದು ಪ್ರಯೋಗ ಇನ್ನೂ ಸ್ಪಷ್ಟವಾದುದು: ಮಾತಿಗೆ ತಪ್ಪಿದ ಹಿರಿಯರನ್ನು ಕಂಡ ಮಕ್ಕಳು ಸರಾಸರಿ ಮೂರು ನಿಮಿಷ ಕಾದರೆ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಹನ್ನೆರಡು ನಿಮಿಷ ಕಾದರು. ಕಾದರೆ ಸಿಗುತ್ತದೆಂಬ ನಂಬಿಕೆ ಇಲ್ಲದವನಿಗೆ ಕಾಯುವುದು ವಿವೇಕವಲ್ಲ.

ಬಾಗಲವಾಡವೂ ಸೇರಿದ ರಾಯಚೂರು ಸೀಮೆಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ 59.56 ಶೇಕಡಾ ಇದ್ದರೆ ರಾಜ್ಯದ್ದು 75.36 ಶೇಕಡಾ ಇತ್ತು. ಮಳೆ ಕೈಕೊಟ್ಟ ವರ್ಷ ಕೂಲಿಕಾರ ಕುಟುಂಬಗಳು ಬೆಂಗಳೂರಿನಂತಹ ನಗರಗಳಿಗೆ ಗುಳೆ ಹೋಗುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆಯ ಹಾಜರಿ ಕುಸಿಯುತ್ತದೆ. ಹೀಗೆ ಶಾಲೆ ತಪ್ಪಿದ ಮಗುವಿನ ಹಿನ್ನಡೆಯನ್ನು ಅದರ ಸ್ವಭಾವದ ದೋಷವೆಂದು ಬರೆದಿಡುವುದು ಅನ್ಯಾಯ. ಅದೇ ವೇಳೆಗೆ, ಅಂಥ ಮನೆಗಳಿಂದಲೇ ಬಂದು ಕೂಲಿಯ ನಡುವೆ ಬಿಡುವು ಮಾಡಿಕೊಂಡು ಓದುವ ವಿದ್ಯಾರ್ಥಿಗೆ ದಿನದ ಎರಡು ಗಂಟೆಯ ನಿಯಮವೇ ಕೈಯಲ್ಲಿರುವ ಏಕೈಕ ಬಂಡವಾಳವೆಂಬುದೂ ಸುಳ್ಳಲ್ಲ.

ಒಬ್ಬನ ಶಿಸ್ತಿನ ಫಲ ಇನ್ನೊಬ್ಬನ ಶಿಸ್ತನ್ನು ಅವಲಂಬಿಸಿರುವ ಸಂದರ್ಭಗಳೂ ಉಂಟು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನಿಗದಿತ ಬೆಳೆಪದ್ಧತಿಯನ್ನು ಮೀರಿ ಭತ್ತ ಬೆಳೆದಾಗ ಮಾನ್ವಿ ಮತ್ತು ರಾಯಚೂರಿನ ಕೊನೆಭಾಗಕ್ಕೆ ನೀರು ಸಾಲದಾಗುತ್ತದೆ. ಕೊನೆಭಾಗದ ರೈತನು ಎಷ್ಟೇ ಅಚ್ಚುಕಟ್ಟಾಗಿ ಹೊಲ ಸಿದ್ಧಪಡಿಸಿದ್ದರೂ ಆ ವರ್ಷ ಅವನ ಪಾಲಿಗೆ ಬರುವುದು ಒಣ ಕಾಲುವೆ.