ನಿಮಗಿದು ಗೊತ್ತೆ? ಗಿಳಿಗೆ ಬರೀ ಬೀಜ ಸಾಲದು

ಬಟ್ಟಲ ತುಂಬ ಸೂರ್ಯಕಾಂತಿ ಬೀಜ ಹಾಕಿದರೆ ಸಾಕುಗಿಳಿಯ ಹೊಟ್ಟೆ ತುಂಬುತ್ತದೆ, ಪೋಷಣೆ ಮಾತ್ರ ಸಿಗುವುದಿಲ್ಲ. ಸುಲಿದ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ; ವಿಟಮಿನ್ ‘ಎ’ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಂ ಕೂಡ ಸಾಲದು. ವಿಟಮಿನ್ ‘ಎ’ ಕೊರತೆಯಾದರೆ ಬಾಯಿ, ಮೂಗು, ಶ್ವಾಸನಾಳದ ಒಳಪೊರೆ ಗಡುಸಾಗಿ ಸೋಂಕಿಗೆ ದಾರಿಯಾಗುತ್ತದೆ. ಬಾಯೊಳಗೆ ಬಿಳಿ ಮಚ್ಚೆಗಳು ಕಾಣಿಸಬಹುದು. ಆಫ್ರಿಕನ್ ಗ್ರೇ ಗಿಳಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಸೆಳವು ಬರುವುದೂ ಉಂಟು.

ಕಾಡಿನ ಗಿಳಿಯೂ ಬೀಜ ತಿನ್ನುವುದಿಲ್ಲವೇ ಎನ್ನಬಹುದು. ತಿನ್ನುತ್ತದೆ, ಆದರೆ ಹಣ್ಣು, ಹೂವು, ಮೊಗ್ಗು, ಚಿಗುರಿನ ಜೊತೆಗೆ. ಮೈಲಿಗಟ್ಟಲೆ ಹಾರಿ ಕೊಬ್ಬು ಕರಗಿಸಿಕೊಳ್ಳುತ್ತದೆ. ಪಂಜರದಲ್ಲಿ ಆ ಎರಡೂ ಇಲ್ಲ. ಬೇಕಾದ್ದನ್ನು ಹಕ್ಕಿಯೇ ಆರಿಸಿಕೊಳ್ಳುತ್ತದೆ ಎಂಬುದೂ ನಿಲ್ಲದ ಮಾತು: ಮಿಶ್ರಕಾಳು ಕೊಟ್ಟರೆ ಅದು ಕೊಬ್ಬಿನ ಬೀಜ ಹೆಕ್ಕಿ ಉಳಿದದ್ದನ್ನು ಕೆದರಿಬಿಡುತ್ತದೆ. ಆದ್ದರಿಂದ ಗಿಳಿಗಳಿಗೆಂದೇ ತಯಾರಾದ ಪೆಲೆಟ್ ಮುಖ್ಯ ಆಹಾರವಾಗಲಿ; ಜೊತೆಗೆ ಕ್ಯಾರೆಟ್, ಸಿಹಿಗುಂಬಳ, ಸೊಪ್ಪು, ಕೆಂಪು ಮೆಣಸಿನಕಾಯಿ ಇರಲಿ. ಮೆಣಸಿನ ಖಾರ ಹಕ್ಕಿಗಳಿಗೆ ತಾಗುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್ ವಿಷ, ಕೊಡಲೇಬಾರದು. ಬದಲಾವಣೆ ವಾರಗಟ್ಟಲೆ ನಿಧಾನವಾಗಿ, ತೂಕ ನೋಡುತ್ತ ಆಗಬೇಕು. ಉಪವಾಸ ಕೆಡವಿ ಒಗ್ಗಿಸುವುದು ಅಪಾಯ. ಇದೆಲ್ಲ ವಿದೇಶಿ ತಳಿಗಳಿಗೆ ಮಾತ್ರ: ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.