ಕರುಳಿನ ದೀರ್ಘ ಉರಿಯೂತವೂ ಗಿಡಮೂಲಿಕೆಗಳೂ

ಹೊಸೂರು ರಸ್ತೆಯಲ್ಲಿ ಹೋಗುವವರಿಗೆ ಹೆಬ್ಬಗೋಡಿಯ ಕಾರ್ಖಾನೆಗಳು ಪರಿಚಿತವೇ. ಅಲ್ಲಿ ನೆಲೆಗೊಂಡಿರುವ ಬಯೋಕಾನ್ ಸಂಸ್ಥೆಯು 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಕೈಗೊಂಡ ಮೊದಲ ಕೆಲಸಗಳಲ್ಲೊಂದು, ಪರಂಗಿಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನು ತೆಗೆಯುವುದು. ಅದರ ಅಂಗಸಂಸ್ಥೆಯ ಉಸ್ಟೆಕಿನುಮಾಬ್ ಎಂಬ ಚುಚ್ಚುಮದ್ದಿಗೆ 2024ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಕರುಳಿನ ದೀರ್ಘ ಉರಿಯೂತಕ್ಕೆ ಕೊಡುವ ಮದ್ದುಗಳಲ್ಲಿ ಅದೂ ಒಂದು. ಇಷ್ಟು ದುಬಾರಿಯ ಮದ್ದೇಕೆ, ನಮ್ಮ ಗಿಡಮೂಲಿಕೆ ಸಾಲದೆ ಎಂದು ಕೇಳುವವರುಂಟು. ನಕ್ಕು ತಳ್ಳುವ ಪ್ರಶ್ನೆ ಇದಲ್ಲ.

ಮೊದಲು ರೋಗ ಯಾವುದೆಂಬುದು ತಿಳಿಯಬೇಕು. ಮಲದಲ್ಲಿ ರಕ್ತ ಕಂಡರೆ ಕೊಡಸಿಗೆಯ ತೊಗಟೆಯ ಕಷಾಯ ಕೊಡುವುದು ಹಳೆಯ ಪದ್ಧತಿ. ಆ ತೊಗಟೆಯ ಕೊನೆಸ್ಸೀನ್ ಎಂಬ ಸತ್ತ್ವವು ಅಮೀಬವನ್ನು ಕೊಲ್ಲಬಲ್ಲುದು. ಆಮಶಂಕೆಗೆ ಅದು ಹಿಡಿಸಿದುದು ಆಶ್ಚರ್ಯವಲ್ಲ. ಆದರೆ ನಾವು ಹೇಳುತ್ತಿರುವ ವ್ಯಾಧಿಯಲ್ಲಿ ಕೊಲ್ಲಬೇಕಾದ ಅಂಥ ಕ್ರಿಮಿಯಿಲ್ಲ. ದೇಹದ ರಕ್ಷಣಾಶಕ್ತಿಯೇ ಕರುಳಿನ ಗೋಡೆಯ ಮೇಲೆ ತಿರುಗಿಬೀಳುತ್ತದೆ. ಇದನ್ನು ತಣಿಸುವ ಸ್ಟೀರಾಯ್ಡುಗಳನ್ನು ಅಮೀಬವಿರುವವನಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಎರಡೂ ರೋಗಗಳ ಹೊರಲಕ್ಷಣ ಒಂದೇ ಆಗಿರುವುದರಿಂದ, ಮಲಪರೀಕ್ಷೆಯೂ ದೊಡ್ಡ ಕರುಳಿನ ದರ್ಶನಪರೀಕ್ಷೆಯೂ ಕಷಾಯಕ್ಕಿಂತ ಮೊದಲೇ ನಡೆಯಬೇಕು.

ಅರಿಸಿನದ ಪಕ್ಷದಲ್ಲಿ ಹೇಳತಕ್ಕ ಮಾತುಂಟು. 2006ರಲ್ಲಿ ಜಪಾನಿನಿಂದ ಪ್ರಕಟವಾದ ಪ್ರಯೋಗದಲ್ಲಿ, ದೊಡ್ಡ ಕರುಳಿನ ಹುಣ್ಣಿನ ರೋಗ ಶಮನಗೊಂಡಿದ್ದವರು ಆರು ತಿಂಗಳು ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಸೇವಿಸಿದರು. ಅವರಲ್ಲಿ 43 ಮಂದಿಯ ಪೈಕಿ ಇಬ್ಬರಿಗೆ, ಹುಸಿಮಾತ್ರೆ ಪಡೆದ 39 ಮಂದಿಯ ಪೈಕಿ ಎಂಟು ಮಂದಿಗೆ ರೋಗ ಮರುಕಳಿಸಿತು. ಆದರೆ ಎಲ್ಲರೂ ವೈದ್ಯರ ಎಂದಿನ ಮದ್ದನ್ನೂ ನುಂಗುತ್ತಿದ್ದರು. ಅಲ್ಲದೆ ಅರಿಸಿನದಲ್ಲಿ ಈ ಸತ್ತ್ವ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. 2 ಗ್ರಾಂ ಬೇಕೆಂದರೆ ಐದಾರು ತೊಲ ಅರಿಸಿನ ತಿನ್ನಬೇಕು! ಸಾರಿನ ಚಿಟಿಕೆಯಿಂದ ಇದು ಸಾಧ್ಯವಲ್ಲ. 2017ರಲ್ಲಿ ಪ್ರಕಟವಾದ ಭಾರತದ ಪ್ರಯೋಗವೊಂದರಲ್ಲಿ, ಕೆರಳಿದ ರೋಗಕ್ಕೆ ದಿನಕ್ಕೆ 450 ಮಿಲಿಗ್ರಾಂ ಕೊಟ್ಟಾಗ ಗುಣ ಕಾಣಲಿಲ್ಲ.

ಗಿಡದಿಂದ ಬಂದುದೆಲ್ಲ ಸಾಧುವೆಂಬ ನಂಬಿಕೆಗೆ ಜಪಾನೇ ಉತ್ತರ ಕೊಟ್ಟಿದೆ. ನೀಲಿಗಿಡಗಳಿಂದ ತಯಾರಿಸಿದ ಚೀನೀ ಪುಡಿಯೊಂದು ಹುಣ್ಣನ್ನು ನಿಜವಾಗಿ ಮಾಗಿಸಿತು. ಆದರೆ ಸೇವಿಸಿದವರಲ್ಲಿ ಕೆಲವರಿಗೆ ಪುಪ್ಪುಸದ ರಕ್ತನಾಳಗಳ ಒತ್ತಡ ಏರಿದುದರಿಂದ 2016ರಲ್ಲಿ ಸರ್ಕಾರ ಎಚ್ಚರಿಕೆ ಹೊರಡಿಸಬೇಕಾಯಿತು.

ಇಸಬಗೋಲು ಇಷ್ಟು ಉಗ್ರವಲ್ಲ. ಹುಣ್ಣಿನ ರೋಗ ಶಾಂತವಾಗಿರುವಾಗ ಅದು ಸಹಾಯಕವಾಗಬಹುದೆಂದು 1999ರ ಸ್ಪೇನಿನ ಪ್ರಯೋಗ ಸೂಚಿಸಿತು. ಆದರೆ ಕ್ರೋನ್ ರೋಗದಿಂದ ಕರುಳು ಕಿರಿದಾಗಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಲಾಗದು. ನೀರು ಹೀರಿ ಉಬ್ಬುವ ಆ ಹೊಟ್ಟೇ ದಾರಿಗೆ ಅಡ್ಡವಾಗಿ ನಿಲ್ಲಬಹುದು.